ನೀರು ತಾಕಬಾರದ ಪೊಟ್ಟಣ

ನನಗೆ ಕ್ಷಮಿಸುವುದು ಬರುವುದಿಲ್ಲ. ಈ ವಯಸ್ಸಿನಲ್ಲಿ ಕಲಿಯುವ ಮನಸ್ಸೂ ಇಲ್ಲ. ಸಾಲೆಯಲ್ಲಿ ಮಕ್ಕಳಿಗೆ ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದು ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ, ಅದು ಪಗಾರಕ್ಕೆ ಹೇಳಿದ ಮಾತು. ಮೊನ್ನೆ ಬೀದರಿನಲ್ಲಿ ಒಂದು ಮೇಳಕ್ಕೆ ಹೋಗಿದ್ದೆ. ಪ್ಲಾಸ್ಟಿಕ್ ಬಿಡಿ, ಎಲೆ ಹಿಡಿಯಿರಿ ಎನ್ನುವ ಮೇಳ. ಒಬ್ಬ ಹುಡುಗಿ ಮುತ್ತಲ ಎಲೆಯ ಪೊಟ್ಟಣವೊಂದನ್ನು ನನ್ನ ಕೈಗೆ ಕೊಟ್ಟು, ಇದು ಪರಿಸರಸ್ನೇಹಿ ಆಂಟಿ, ಮಣ್ಣಿಗೆ ಹಾಕಿದರೆ ಮಣ್ಣಾಗುತ್ತದೆ ಎಂದು ಬಹಳ ಪ್ರೀತಿಯಿಂದ ತಿಳಿಸಿ ಹೇಳಿದಳು. ಕೂಸಿನಂಥ ಹುಡುಗಿ, ಆಕೆಯ ಮೇಲೆ ಸಿಟ್ಟು ಮಾಡಿ ಏನು ಬಂತು. ಆದರೆ ಪೊಟ್ಟಣವನ್ನು ತಿರುವಿ ಅದರ ತಳ ನೋಡಿದೆ. ಭಾಲ್ಕಿಯ ಒಂದು ಅಂಗಡಿಯ ಕಟ್ಟೆ, ಒಂದು ತಾಮ್ರದ ತಂಬಿಗೆ, ನಮ್ಮವ್ವನ ಮುಖ ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂದು ನಿಂತವು. ಪೊಟ್ಟಣ ಚಂದ ಅದವ್ವ ಎಂದು ಹೇಳಿ, ಒಂದನ್ನೂ ಕೊಳ್ಳದೆ ಮನೆಗೆ ಬಂದೆ.

ಬರದ ವರ್ಷಗಳಲ್ಲಿ ನಾವು ಮೆಹಕರದ ಹೊಲ ಬಿಟ್ಟು ಭಾಲ್ಕಿಗೆ ಬಂದೆವು. ಸ್ಟೇಶನ್ ಕಡೆ ಒಂದೇ ಖೋಲಿಯ ಮನೆ. ಮೇಲೆ ತಗಡು, ಕೆಳಗೆ ಸಗಣಿ ಸಾರಿಸಿದ ನೆಲ. ಅಪ್ಪ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದವರು ಮೂವರು: ನಾನು, ನಮ್ಮವ್ವ ಶಾಂತಾಬಾಯಿ, ಅಪ್ಪನ ತಾಯಿಯಾದ ಆಯಿ. ನಾಲ್ಕನೆಯವರೆಂದರೆ ಎಲೆಗಳು. ಔರಾದ ಕಡೆಯ ಎಕಂಬಾದಲ್ಲಿದ್ದ ನಮ್ಮ ಮಾಮಾ ಮುತ್ತಲ ಎಲೆಯ ದೊಡ್ಡ ದೊಡ್ಡ ಕಟ್ಟುಗಳನ್ನು ಠಾಣಾ ಕುಶನೂರಿನ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದ. ಬಾವಿ ಬತ್ತಿದರೂ ಜೋಳ ಸುಟ್ಟುಹೋದರೂ ಮುತ್ತಲ ಗಿಡ ಮಾತ್ರ ಎಲೆ ಬಿಡುವುದನ್ನು ನಿಲ್ಲಿಸಲಿಲ್ಲ. ಆ ಎಲೆಗಳನ್ನು ಬಿಸಿಲಿಗೆ ಹಾಕಿ, ಒಂದರ ಮೇಲೊಂದು ಪೇರಿಸಿ, ಅವು ಸಪಾಟಾಗಲಿ ಎಂದು ಅದರ ಮೇಲೆ ಕೌದಿ ಹಾಸಿ ಆಯಿಯನ್ನು ಮಲಗಿಸುತ್ತಿದ್ದೆವು. ಮಗ್ಗುಲು ಬದಲಿಸಿದಾಗಲೆಲ್ಲ ಕೌದಿಯ ಕೆಳಗೆ ಚರಚರ ಸದ್ದು. ನಿಮ್ಮ ಸಂಸಾರದಾಗ ನಾ ಒಂದು ಕಲ್ಲು ಆಗೀನಿ ನೋಡು ಎಂದು ಆಯಿ ಬೈಯುತ್ತಿದ್ದಳು, ಆದರೆ ಒಂದು ದಿನವೂ ಜಾಗ ಬದಲಿಸಲಿಲ್ಲ. ಉಣ್ಣುವುದಕ್ಕೆ ರೇಶನ್ನಿನ ಕೆಂಪು ಜೋಳದ ರೊಟ್ಟಿ, ಒಂದಿಷ್ಟು ಖಾರ. ಹರಿದ ಎಲೆಗಳೇ ನಮ್ಮ ತಾಟು.

ಎಲೆ ಒಣಗಿದೆಯೋ ಇಲ್ಲವೋ ಎಂದು ಅವ್ವ ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಕೈ ಸುಳ್ಳು ಹೇಳುತ್ತದೆ ಎನ್ನುವಳು. ಎಲೆಯನ್ನು ಮೇಲ್ದುಟಿಗೆ ಒತ್ತಿಕೊಂಡು ಒಂದು ಗಳಿಗೆ ಸುಮ್ಮನೆ ಇರುವಳು. ತಣ್ಣಗಾದರೆ ಒಳಗೆ ಇನ್ನೂ ಹಸಿ ಇದೆ, ಅದು ಪಕ್ಕಕ್ಕೆ. ಒಂದು ಹಸಿ ಎಲೆ ಸೇರಿದರೂ ಇಡೀ ಕಟ್ಟಿಗೆ ಬೂಸು ಹಿಡಿಯುತ್ತದೆ ಎಂದು ನನಗೆ ಐದು ವರ್ಷಕ್ಕೇ ಗೊತ್ತಿತ್ತು. ಹೀಗೆ ಒಂದೊಂದೇ ಎಲೆಯನ್ನು ತುಟಿಗೆ ಹಚ್ಚಿ ಆರಿಸುವ ಹೆಂಗಸಿನ ಮೇಲೆ ಮುಂದೆ ಎಂಥ ಮಾತು ಬಂತೆಂದು ಹೇಳುತ್ತೇನೆ. ಆ ಮಾತಿಗಾಗಿಯೇ ಇಷ್ಟು ವರ್ಷ ಹಲ್ಲು ಕಡಿದುಕೊಂಡು ಕುಳಿತಿದ್ದೇನೆ.

ಸ್ಟೇಶನ್ ದಾರಿಯಲ್ಲಿ ಒಂದು ಖಾರಾ ಶೇವಿನ ಅಂಗಡಿ ಇತ್ತು. ಬರ ಬಿದ್ದಂತೆ ಊರೂರೇ ರೈಲು ಹತ್ತಿ ಹೋಗುತ್ತಿತ್ತು. ಹೋಗುವವರೆಲ್ಲ ಅಲ್ಲಿ ನಿಂತು ದಾರಿಗೆಂದು ಚುರಮುರಿ, ಶೇವು, ಮಕ್ಕಳಿಗೆ ಬುಂದಿ ಕಟ್ಟಿಸಿಕೊಳ್ಳುತ್ತಿದ್ದರು. ರದ್ದಿ ಕಾಗದದ ಪುಡಿಕೆ ರೈಲಿನ ನೂಕುನುಗ್ಗಲಿನಲ್ಲಿ ಹರಿದು ಚೆಲ್ಲುತ್ತಿತ್ತು. ಅವ್ವ ಇದನ್ನು ನೋಡಿ ನೋಡಿ, ಮನೆಯಲ್ಲಿ ಹದಿನೈದು ದಿನ ಕುಳಿತು ಒಂದು ಹೊಸ ಪೊಟ್ಟಣ ಮಾಡಿದಳು. ಹೊರಗೆ ಕಾಗದ, ಒಳಗೆ ಎಲೆ. ಮೇಲಿನ ತುದಿ ನಾಲಿಗೆಯ ಹಾಗೆ ಬಾಗಿ ಮುಂದಿನ ಸೀಳಿನಲ್ಲಿ ಹೋಗಿ ಕೂಡುವುದು. ದಾರ ಬೇಡ. ತಳಕ್ಕೆ ಮಾತ್ರ ಜೋಳದ ದಂಟಿನ ಒಂದು ಸಣ್ಣ ಕಡ್ಡಿ. ಕಂಕುಳಲ್ಲಿ ಕೂಸು ಇದ್ದವಳು ಒಂದೇ ಕೈಯಲ್ಲಿ ತೆಗೆದು, ಅರ್ಧ ತಿಂದು, ಒಂದೇ ಕೈಯಲ್ಲಿ ಮುಚ್ಚಬಹುದಿತ್ತು. ಪೂರ್ತಿ ಬಿಚ್ಚಿ ಹಾಸಿದರೆ ಅದೇ ತಾಟು. ತಿಂದು ಒಗೆದರೆ ಆಡು ತಿನ್ನುತ್ತಿತ್ತು. ಇದನ್ನೇ ಈಗ ಒಳ್ಳೆಯ ವಿನ್ಯಾಸ ಎಂದು ಕರೆದು ಬಹುಮಾನ ಕೊಡುತ್ತಾರೆ. ಅವ್ವ ಕರೆದದ್ದು ಪೊಟ್ಟಣ ಎಂದಷ್ಟೇ.

ಅಂಗಡಿಯ ಸಾವಕಾರ ಅದು ಕಣ್ಣಿಗೆ ಬಿದ್ದದ್ದೇ ತನಗೆ ಬೇಕೆಂದ. ಮೊದಲು ಅವನಿಗೆ ಪುಡಿಕೆ ಕಟ್ಟಿಕೊಡುತ್ತಿದ್ದ ಮನೆಯವರೂ ಪುಣೆಗೆ ಹೋಗಿಯಾಗಿತ್ತು. ಇಲ್ಲದಿದ್ದರೆ ನಮ್ಮ ಕೈಯ ವಸ್ತು ಆ ಅಂಗಡಿಯ ಒಳಗೆ ಹೋಗುತ್ತಿರಲಿಲ್ಲ. ನಮ್ಮ ಮನೆಯವರು ಬುದ್ಧನ ದೀಕ್ಷೆ ತೆಗೆದುಕೊಂಡಿದ್ದರು, ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಆದರೆ ಪೇಟೆಯವರ ಪಾಲಿಗೆ ನಾವು ಇನ್ನೂ ಊರ ಹೊರಗಿನ ಕೇರಿಯವರೇ, ಮುಟ್ಟಬಾರದವರೇ. ಪೊಟ್ಟಣಗಳನ್ನು ಎಣಿಸಿ ಒಳಗೆ ಇಟ್ಟುಕೊಳ್ಳುವ ಕೆಲಸ ಸಾವಕಾರನ ಹೆಂಡತಿ ಚಂದ್ರಕಲಾಬಾಯಿಯದು. ಪ್ರತಿ ಸೋಮವಾರ ನಾನೂ ಅವ್ವನೂ ಬುಟ್ಟಿ ಹೊತ್ತು ಹೋಗಿ ಕಟ್ಟುಗಳನ್ನು ಅಂಗಡಿ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯಬೇಕು. ಆಕೆ ತಾಮ್ರದ ತಂಬಿಗೆ ಹಿಡಿದು ಬರುವಳು. ಬೆರಳು ಅದ್ದಿ ಒಂದು ಸಲ, ಎರಡು ಸಲ, ಮೂರು ಸಲ ಪೊಟ್ಟಣಗಳ ಮೇಲೆ ನೀರು ಚಿಮುಕಿಸುವಳು. ಆಮೇಲೆ ಎತ್ತಿಕೊಂಡು ಒಳಗೆ ಹೋಗುವಳು. ಅದೇ ಹೊತ್ತಿನಲ್ಲಿ ನಮ್ಮ ಆಯಿ ಟ್ಯಾಂಕರಿನ ಪಾಳಿಯಲ್ಲಿ ಎರಡು ಕೊಡ ನೀರಿಗಾಗಿ ಬಿಸಿಲಲ್ಲಿ ನಿಂತಿರುತ್ತಿದ್ದಳು. ನಾನು ಬಾಯಾರಿ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ ಆ ಹನಿಗಳು ಕಾಗದದ ಮೇಲೆ ಕಪ್ಪಾಗಿ ಹರಡುವುದನ್ನು ನೋಡುತ್ತಿದ್ದೆ.

ಅವ್ವ ಮೊದಲ ವಾರವೇ ಹೇಳಿದ್ದಳು.

"ಅಮ್ಮಾರ, ನೀರ ಹಾಕಿದ್ರ ಹಾಕ್ರಿ, ಒಂದ್ ತಾಸು ಬಿಸಿಲಿಗಿ ಇಟ್ಟು ಆಮ್ಯಾಲ ಒಳಗ ಇಡ್ರಿ. ಇಲ್ಲಾಂದ್ರ ಬೂಸು ಹಿಡೀತದರಿ."

"ನನಗ ಕಲಸ್ಲಾಕ ಬಂದಿಯೇನ?"

ಬಿಸಿಲಿಗೆ ಇಡುವುದು ಆಕೆಗೆ ಸಾಧ್ಯವಿರಲಿಲ್ಲ. ಇಟ್ಟರೆ ಓಣಿಯವರೆಲ್ಲ ನೋಡಿ, ಇವು ಯಾರ ಕೈಯವು ಎಂದು ಕೇಳುತ್ತಾರೆ. ಹಾಗಾಗಿ ಒದ್ದೆ ಪೊಟ್ಟಣಗಳನ್ನು ಹಾಗೆಯೇ ತಗಡಿನ ಟ್ರಂಕಿನಲ್ಲಿ ತುರುಕಿ ಮುಚ್ಚಳ ಹಾಕುತ್ತಿದ್ದಳು. ಒಳಗೆ ಸೆಕೆ, ಮೇಲೆ ಬೇಸಿಗೆ. ಎರಡು ತಿಂಗಳಿಗೆ ಆಗಬೇಕಾದದ್ದು ಆಯಿತು. ರೈಲಿಗೆ ಹೊರಟವನೊಬ್ಬ ಪೊಟ್ಟಣ ಬಿಚ್ಚಿದರೆ ಎಲೆಯ ತುಂಬ ಹಸಿರು ಬೂಸು, ಶೇವಿಗೆಲ್ಲ ವಾಸನೆ. ಅವನು ತಿರುಗಿ ಬಂದು ಅಂಗಡಿಯ ಮುಂದೆ ಕೂಗಾಡಿದ. ನಾವು ಆಗತಾನೆ ಬುಟ್ಟಿ ಇಳಿಸುತ್ತಿದ್ದೆವು. ದಿನಾ ಬರುವ ಹತ್ತು ಮಂದಿ ಗಿರಾಕಿಗಳು ನಿಂತಿದ್ದರು. ಸಾವಕಾರ ಆ ಪೊಟ್ಟಣವನ್ನು ಅವ್ವನ ಕಾಲ ಬಳಿ ಒಗೆದ.

"ನೋಡು ನಿನ್ನ ಕೆಲಸ. ನಿಮ್ಮ ಕೈ ಗುಣಾನ ಹಿಂತಾದು. ಎಷ್ಟ ತೊಳದ್ರೂ ಹೋಗಂಗಿಲ್ಲ."

"ಸಾವಕಾರ್ರೆ, ನೀರು..."

"ಬಾಯಿ ಮುಚ್ಚು."

ಚಂದ್ರಕಲಾಬಾಯಿ ಬಾಗಿಲಲ್ಲೇ ನಿಂತಿದ್ದಳು. ನೀರು ಹಾಕಿದವಳು ನಾನು ಎಂದು ಒಂದು ಮಾತು ಆಡಲಿಲ್ಲ. ಸೆರಗಿನ ತುದಿಯಿಂದ ಮೂಗು ಮುಚ್ಚಿಕೊಂಡಳು. ಆ ಸೆರಗು ಈಗಲೂ ನನ್ನ ಕಣ್ಣಲ್ಲಿದೆ, ನೇರಳೆ ಬಣ್ಣದ್ದು. ಅವ್ವ ಬೂಸು ಹಿಡಿದ ಪೊಟ್ಟಣವನ್ನು ಎತ್ತಿಕೊಂಡು ಬುಟ್ಟಿಗೆ ಹಾಕಿಕೊಂಡಳು. ಮನೆಗೆ ಬಂದು ಅದನ್ನು ಗೋಡೆಯ ಮಾಡದಲ್ಲಿ, ಬುದ್ಧನ ಪಟದ ಕೆಳಗೆ ಇಟ್ಟಳು. ದಿನಾ ಬೆಳಿಗ್ಗೆ ಪಟಕ್ಕೆ ಕೈ ಮುಗಿದು, ಆ ಪೊಟ್ಟಣವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ಆಯಿಗೂ ಅವ್ವನಿಗೂ ಜಗಳ ಶುರುವಾಯಿತು.

"ಆ ಹೊಲಸು ಒಗಿಯವ್ವಾ ಹೊರಗ. ಬುದ್ಧ ಏನ್ ಅಂದಾನು?"

"ಅಂವ ಏನೂ ಅನ್ನಂಗಿಲ್ಲ ತಗೋರಿ. ಅಂವಗ ಸಿಟ್ಟಿಲ್ಲ, ನನಗ ಅದ."

"ಕೆಲಸ ಹೋದ್ರ ನಾವೂ ರೈಲ ಹತ್ತಬೇಕಾಗ್ತದ. ಪೋರಿ ಸಾಲಿ ಬಿಡ್ತದ. ತಗ್ಗಿ ನಡಿ ಶಾಂತಾ."

"ಕೆಲಸ ಹೋಗ್ಲಿ. ನನ್ನ ಕೈ ಸುದ್ದಿ ಎತ್ಯಾನ. ಆ ಹತ್ತ ಮಂದಿ ಮುಂದೇ ಆ ಮಾತು ಹಿಂದಕ್ ತಗೋಬೇಕು. ತಗೋಳೂತನಾ ನಾ ಬಿಡಂಗಿಲ್ಲ."

ಆಯಿಯ ಭಯ ಸುಳ್ಳಲ್ಲ. ಆದರೆ ನಾನು ಅಂದು ಮನಸ್ಸಿನಲ್ಲೇ ಅವ್ವನ ಪಕ್ಕ ಹೋಗಿ ಕುಳಿತೆ, ಮತ್ತೆ ಅಲ್ಲಿಂದ ಏಳಲಿಲ್ಲ. ಸಾವಕಾರ ಎಂಟು ದಿನ ಬೇರೆಯವರನ್ನು ಹುಡುಕಿದ. ಪೊಟ್ಟಣ ಕಟ್ಟಬಲ್ಲ ಕೈಗಳೆಲ್ಲ ಊರು ಬಿಟ್ಟಿದ್ದವು. ಒಂಬತ್ತನೆಯ ದಿನ ಹೇಳಿ ಕಳಿಸಿದ: ಬಸುರಿ ಮಗಳು ಸರೋಜಾಳ ಕುಬಸ ಇದೆ, ಬಂದ ಮುತ್ತೈದೆಯರ ಉಡಿಗೆ ಬುಂದಿ ಹಾಕಬೇಕು, ಇನ್ನೂರು ಪೊಟ್ಟಣ ಬೇಕು. ಕಡ್ಡಿ ಬೇಡ, ಉಡಿಗೆ ಚುಚ್ಚುತ್ತದೆ.

ಕಡ್ಡಿ ಬೇಡ ಎಂಬ ಮಾತು ಕೇಳಿ ಅವ್ವ ಬಹಳ ದಿನಗಳ ಮೇಲೆ ನಕ್ಕಳು. ಕಡ್ಡಿ ಇದ್ದರೆ ಪೊಟ್ಟಣದ ತಳ ಒದ್ದೆಯಾದರೂ ಹಿಡಿದುಕೊಳ್ಳುತ್ತದೆ. ಕಡ್ಡಿ ಇಲ್ಲದಿದ್ದರೆ ಅಂಟು ಹಾಕಬೇಕು. ಜೋಳದ ಹಿಟ್ಟು ಕುದಿಸಿ ತೆಳ್ಳಗೆ ಅಂಟು ಮಾಡಿದಳು. ಒಂದು ಪೊಟ್ಟಣಕ್ಕೆ ಹಚ್ಚಿ ಒಣಗಿಸಿ, ಮರಳು ತುಂಬಿ ಗೂಟಕ್ಕೆ ನೇತುಹಾಕಿದಳು. ಮೂರು ದಿನ ನೇತಾಡಿತು, ಒಂದು ಕಾಳು ಮರಳು ಸೋರಲಿಲ್ಲ. ಇನ್ನೊಂದಕ್ಕೆ ಮರಳು ತುಂಬುವ ಮೊದಲು ಬೆರಳಿನಿಂದ ಮೂರು ಸಲ ನೀರು ಚಿಮುಕಿಸಿದಳು, ಚಂದ್ರಕಲಾಬಾಯಿ ಚಿಮುಕಿಸುವ ಹಾಗೆಯೇ ಕಿರುಬೆರಳು ಎತ್ತಿ. ಎತ್ತಿದ ಕೂಡಲೆ ತಳ ಬಾಯಿ ತೆರೆದು ಮರಳೆಲ್ಲ ನನ್ನ ಪಾದದ ಮೇಲೆ ಬಿತ್ತು. ಆಯಿ ಎದ್ದು ಕುಳಿತು ಅವ್ವನ ಮುಖ ನೋಡಿದಳು. ಮಾರನೆಯ ದಿನ ಆಕೆಯೇ ಅಂಟು ಕಲಕುತ್ತ ಕುಳಿತಿದ್ದಳು.

ಮೋಸ ಮಾಡಿದೆವು ಎಂದು ಯಾರೂ ಅನ್ನುವ ಹಾಗಿಲ್ಲ. ಕುಬಸದ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕಟ್ಟುಗಳನ್ನು ಇಟ್ಟು ಅವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಮ್ಮಾರ, ಕಡ್ಡಿ ಬ್ಯಾಡ ಅಂದ್ರಿ, ಅಂಟು ಹಚ್ಚೀನಿ. ಒಣ ಇದ್ರ ಕಲ್ಲಿನಂಗ ಇರ್ತಾವ. ನೀರ ಮಾತ್ರ ತಾಕಸಬ್ಯಾಡ್ರಿ. ಸಾವಕಾರ್ರೆ, ನೀವೂ ಕೇಳಸ್ಕೋರಿ."

ಸಾವಕಾರ ಕಡಾಯಿಯ ಮುಂದೆ ಹೂಂ ಎಂದ. ಚಂದ್ರಕಲಾಬಾಯಿ ಅಂದು ಶುಭದ ದಿನವೆಂದು ಮೂರರ ಬದಲು ಐದು ಸಲ ನೀರು ಹಾಕಿದಳು.

ನಾನು ಓಣಿಯ ಮಕ್ಕಳ ಜೊತೆ ಚಪ್ಪರದ ಹೊರಗೆ ನಿಂತಿದ್ದೆ. ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಸರೋಜಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಒದ್ದೆ ಪೊಟ್ಟಣಗಳಿಗೆ ಗಡಿಬಿಡಿಯಲ್ಲಿ ಬುಂದಿ ತುಂಬಿ ಬುಟ್ಟಿಗಳಲ್ಲಿ ಜೋಡಿಸಿದ್ದರು. ಚಂದ್ರಕಲಾಬಾಯಿ ಮೊದಲ ಪೊಟ್ಟಣ ಎತ್ತಿ ಮಗಳ ಉಡಿಗೆ ಹಾಕಲು ಬಗ್ಗಿದಳು. ತಳ ಬಿಚ್ಚಿತು. ಬುಂದಿ ಉಡಿಯಿಂದ ಜಾರಿ ಮಣೆಯ ಮೇಲೆ, ಮಣೆಯಿಂದ ನೆಲದ ಮೇಲೆ ಉರುಳಿತು. ಎರಡನೆಯದು ಎತ್ತಿದಳು, ಅದೂ ಹಾಗೆಯೇ. ಸಾಲಾಗಿ ಕುಳಿತ ಹೆಂಗಸರು ಉಡಿಯಲ್ಲಿ ಹಾಕಿದ್ದು ಚೆಲ್ಲಬಾರದು, ಚೆಲ್ಲಿದರೆ ಕೇಡು ಎಂದು ಗುಸುಗುಸು ಶುರುಮಾಡಿದರು. ಸರೋಜಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಳತೊಡಗಿದಳು. ನಾನು ನಕ್ಕೆ. ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಕೆಗೆ ಮುಂದೆ ಗುಂಡಗಿನ ಗಂಡುಮಗು ಹುಟ್ಟಿತು, ಯಾವ ಕೇಡೂ ಆಗಲಿಲ್ಲ. ಆದರೂ ಆ ಹುಡುಗಿ ಅತ್ತದ್ದನ್ನು ನೆನೆದರೆ ಈಗ ಸ್ವಲ್ಪ ಅಯ್ಯೋ ಅನಿಸುತ್ತದೆ. ಆಕೆಯ ತಾಯಿಯನ್ನು ನೆನೆದರೆ ಅನಿಸುವುದಿಲ್ಲ.

ಮರುದಿನ ಸಾವಕಾರ ಅವ್ವನನ್ನು ಕರೆಸಿದ. ಅವ್ವ ಮಾಡದಲ್ಲಿದ್ದ ಬೂಸಿನ ಪೊಟ್ಟಣವನ್ನೂ ಎರಡು ಹೊಸ ಪೊಟ್ಟಣಗಳನ್ನೂ ಬುಟ್ಟಿಗೆ ಹಾಕಿಕೊಂಡು, ನನ್ನ ಕೈ ಹಿಡಿದು ನಡೆದಳು. ಅಂಗಡಿಯ ಮುಂದೆ ದಿನಾ ಬರುವ ಅದೇ ಗಿರಾಕಿಗಳು.

"ಏನ್ ಮಾಟ ಮಾಡೀದಿ ನನ್ನ ಮಗಳ ಉಡಿಗಿ?"

"ಮಾಟ ನನಗ ಬರಂಗಿಲ್ರಿ. ಬರೋದು ತೋರಸ್ತೇನಿ. ಈ ಎರಡರಾಗೂ ಬುಂದಿ ತುಂಬ್ರಿ."

ಅವನು ತುಂಬಿದ. ಅವ್ವ ಒಂದನ್ನು ತಕ್ಕಡಿಯ ಕೊಂಡಿಗೆ ನೇತುಹಾಕಿಸಿದಳು. ಅದು ಅಲುಗದೆ ನಿಂತಿತು.

"ಇದು ಒಣದು. ಈಗ ಆ ಇನ್ನೊಂದಕ್ಕ ಅಮ್ಮಾರು ಸೋಮವಾರಕ್ಕೊಮ್ಮೆ ಮಾಡ್ತಾರಲ್ರಿ, ಅದನ್ನ ಮಾಡ್ಲಿ."

ಚಂದ್ರಕಲಾಬಾಯಿ ಬಾಗಿಲಿನಿಂದ ಮುಂದೆ ಬರಲಿಲ್ಲ. ಸಾವಕಾರ ಹೆಂಡತಿಯ ಕಡೆ ನೋಡಿದ, ಗಿರಾಕಿಗಳ ಕಡೆ ನೋಡಿದ. ಕೊನೆಗೆ ತಾನೇ ಆಕೆಯ ಕೈಯಿಂದ ತಂಬಿಗೆ ತೆಗೆದುಕೊಂಡು ಪೊಟ್ಟಣದ ಮೇಲೆ ನೀರು ಚಿಮುಕಿಸಿ ಎತ್ತಿ ಹಿಡಿದ. ಕಾಗದ ಕಪ್ಪಾಯಿತು, ತಳ ಅಗಲಿತು, ಬುಂದಿ ಅವನ ಕಾಲ ಮೇಲೆ ಸುರಿಯಿತು. ಅವ್ವ ಬೂಸಿನ ಪೊಟ್ಟಣವನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಳು.

"ಇದಕ್ಕೂ ಇದೇ ನೀರ್ರಿ. ಅವತ್ತ ಹೇಳ್ಲಾಕ ಹೋದ್ರ ಬಾಯಿ ಮುಚ್ಚು ಅಂದ್ರಿ. ಅವತ್ತ ಇವರ ಮುಂದ ಅಂದೀರಿ, ಇವತ್ತ ಇವರ ಮುಂದೇ ಅನ್ರಿ."

ಸಾವಕಾರ ವ್ಯಾಪಾರಸ್ಥ. ಲೆಕ್ಕ ಅವನಿಗೆ ಬೇಗ ತಿಳಿಯಿತು.

"ಆಯ್ತಳವ್ವಾ. ಪೊಟ್ಟಣದಾಗ ತಪ್ಪಿಲ್ಲ."

"ಪೊಟ್ಟಣದ ಮಾತಲ್ರಿ. ಕೈ ಮಾತು ಆಡೀರಿ ನೀವು."

ಅವನು ಗಂಟಲು ಸರಿಮಾಡಿಕೊಂಡ. ಒಬ್ಬ ಮುದುಕ ಗಿರಾಕಿ, ಅಂದುಬಿಡಪ್ಪಾ, ರೈಲಿನ ಹೊತ್ತಾಗ್ತದ ಎಂದ.

"ನಿನ್ನ ಕೈಯಾಗೂ ಏನೂ ತಪ್ಪಿಲ್ಲ."

"ಹಂಗಾದ್ರ ಇನ್ನ ಕಟ್ಟಿ ಮ್ಯಾಲ ಇಡಂಗಿಲ್ರಿ. ಕಟ್ಟಿ ಮ್ಯಾಲ ಇಟ್ರ ನೀರ ಬೀಳ್ತದ. ನನ್ನ ಕೈಲಿಂದ ಅಮ್ಮಾರ ಕೈಗೇ ಕೊಡ್ತೇನಿ."

ಮುಂದಿನ ಸೋಮವಾರ ಅವ್ವ ಕಟ್ಟನ್ನು ಎರಡೂ ಕೈಗಳ ಮೇಲೆ ಹಿಡಿದು ಅಂಗಡಿಯ ಮುಂದೆ ನಿಂತಳು. ಚಂದ್ರಕಲಾಬಾಯಿ ಬಾಗಿಲಿಗೆ ಬಂದು ಒಳಗೆ ಹೋದಳು, ಮತ್ತೆ ಬಂದು ಮತ್ತೆ ಹೋದಳು. ಬಿಸಿಲು ನೆತ್ತಿಗೆ ಬಂತು. ಕರಿದ ಶೇವು ತಾಟಿನಲ್ಲಿ ಗುಡ್ಡೆಯಾಗಿತ್ತು, ಕಟ್ಟಲು ಪೊಟ್ಟಣವಿಲ್ಲ, ಗಿರಾಕಿಗಳು ಗದ್ದಲ ಮಾಡುತ್ತಿದ್ದರು. ಅವ್ವ ತಗೋರಿ ಎನ್ನಲೂ ಇಲ್ಲ, ಕಟ್ಟನ್ನು ಕೆಳಗೆ ಇಳಿಸಲೂ ಇಲ್ಲ. ಕೊನೆಗೆ ಸಾವಕಾರ ಕಡಾಯಿ ಬಿಟ್ಟು ಏಳದೆ ಹೆಂಡತಿಯನ್ನು ಗದರಿದ. ಆಕೆ ಬಂದು ಮುಖ ಆಚೆ ತಿರುಗಿಸಿ ಕಟ್ಟನ್ನು ತೆಗೆದುಕೊಂಡಳು. ಬೆರಳಿಗೆ ಬೆರಳು ತಾಕಿತು. ಆಕೆ ಒಳಗೆ ಹೋದಳು. ಅವ್ವ ಅಲ್ಲಿಂದ ಕದಲಲಿಲ್ಲ, ಕಿವಿಗೊಟ್ಟು ನಿಂತಳು. ಸ್ವಲ್ಪ ಹೊತ್ತಿಗೆ ಹಿಂದಿನ ಬಚ್ಚಲಿನಿಂದ ಧಬಧಬ ನೀರು ಸುರಿದುಕೊಳ್ಳುವ ಸದ್ದು ಬಂತು. ಮೈಲಿಗೆ ತೊಳೆದುಕೊಳ್ಳುತ್ತಿದ್ದಳು. ನನಗೆ ಅಳು ಬಂತು.

"ಯಾಕ ಅಳ್ತಿ? ಪೊಟ್ಟಣ ಒಣಾ ಉಳಿದಾವಲ್ಲ."

"ಆಕಿ ಜಳಕ ಮಾಡ್ಲಕತ್ಯಾಳ."

"ಮಾಡ್ಲಿ. ಊರಾಗ ಕುಡೀಲಾಕ ನೀರಿಲ್ಲ, ಆಕಿ ಹಂಡೆ ಖಾಲಿ ಮಾಡ್ಲಿ. ನಾಳಿಂದ ಸೋಮವಾರ ಬ್ಯಾಡ. ದಿನಾ ಒಯ್ಯೋಣು."

ಇಡೀ ವಾರದ ಪೊಟ್ಟಣಗಳನ್ನು ಅವ್ವ ದಿನದ ಕಟ್ಟುಗಳಾಗಿ ಒಡೆದಳು. ಮರುದಿನ ಇಪ್ಪತ್ತೈದು ಪೊಟ್ಟಣ ಒಯ್ದು ಕೈಗೆ ಕೊಟ್ಟಳು. ಒಳಗೆ ನೀರಿನ ಸದ್ದು. ಮೂರನೆಯ ದಿನವೂ ಸದ್ದು. ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುವುದು ನಾಲ್ಕು ದಿನಕ್ಕೊಮ್ಮೆ ಆಯಿತು. ಸಾವಕಾರನ ಮನೆಯವರೂ ಕೊಡ ಹಿಡಿದು ಪಾಳಿಗೆ ನಿಲ್ಲತೊಡಗಿದರು. ಆಯಿ ಅವರನ್ನು ತನ್ನ ಹಿಂದೆ ನಿಲ್ಲಿಸಿ ನೀರು ತಂದೆನೆಂದು ಮನೆಗೆ ಬಂದು ಹೇಳಿದಳು. ನಾವು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿದಿನ ಅದೇ ಹೊತ್ತು, ಅದೇ ಕೈ, ತಾಕಿದ ಮೇಲೆ ಅದೇ ಸದ್ದು. ಒಂಬತ್ತನೆಯ ದಿನ ಹಂಡೆಯ ತಳಕ್ಕೆ ತಂಬಿಗೆ ಗೀರಿದ್ದು ಹೊರಗೆ ಕೇಳಿಸಿತು. ಹತ್ತನೆಯ ದಿನ ಕೈಕಾಲು ತೊಳೆಯುವಷ್ಟೇ ನೀರು.

ಹನ್ನೊಂದನೆಯ ದಿನ ಚಂದ್ರಕಲಾಬಾಯಿ ಕಟ್ಟು ತೆಗೆದುಕೊಂಡು ಒಳಗೆ ಹೋದಳು. ಅವ್ವ ನಿಂತಳು, ನಾನೂ ನಿಂತೆ. ಟ್ರಂಕಿನ ಮುಚ್ಚಳ ಹಾಕಿದ ಸದ್ದು ಬಂತು. ಬಚ್ಚಲಿನಿಂದ ನೀರಿನ ಸದ್ದು ಬರಲಿಲ್ಲ. ಅವ್ವ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ನಡಿ ಎಂದಳು.

ಅಲ್ಲಿಂದ ಮುಂದೆ ನಾವು ಮತ್ತೆ ಸೋಮವಾರಕ್ಕೊಮ್ಮೆ ಹೋಗತೊಡಗಿದೆವು.